200 ಮೀಟರ್ ಬಟರ್‌ಫ್ಲೈ: ಮೂರನೇ 50ರಲ್ಲಿ ಕೈ ಸೋಲುತ್ತದೆ, ಏನು ಮಾಡಬೇಕು?

ಪ್ರಶ್ನೆ, ದಾವಣಗೆರೆಯಿಂದ:
ಮಗಳಿಗೆ 14 ವರ್ಷ. 200 ಮೀಟರ್ ಬಟರ್‌ಫ್ಲೈನಲ್ಲಿ (ಎರಡೂ ಕೈ ಒಟ್ಟಿಗೆ ಬೀಸುವ ಈಜು) ಮೊದಲ 100 ಚೆನ್ನಾಗಿ ಬರುತ್ತಾಳೆ, ಆಮೇಲೆ ಕೈ ನೀರಿಂದ ಏಳುವುದೇ ಇಲ್ಲ. ಅಮ್ಮನಾದ ನನಗೆ ಈಜು ಬರುವುದಿಲ್ಲ. ಈಜಿದವರು ಹೇಳುತ್ತೀರಾ?

ಉತ್ತರ, ದಾವಣಗೆರೆಯಿಂದಲೇ:
ಅಕ್ಕಾ, ನನಗೂ ಹೀಗೇ ಆಗಿತ್ತು. ಭದ್ರಾ ಚಾನಲ್‌ನಲ್ಲಿ ಈಜು ಕಲಿತವನು ನಾನು. ಬೆಂಗಳೂರಿನ ಬಸವನಗುಡಿ ಈಜುಕೊಳದಲ್ಲಿ ಮೊದಲ ಸಲ 200 ಈಜಿದಾಗ ಹುರುಪಿನಲ್ಲಿ ಮೊದಲ 50 ನುಗ್ಗಿಬಿಟ್ಟೆ, 130 ಮೀಟರ್ ಹತ್ತಿರ ಭುಜ ಕಲ್ಲಾಯಿತು, ಬೆರಳು ನೀರಿನ ಮೇಲೆ ಎಳೆದುಕೊಂಡೇ ಬರುತ್ತಿತ್ತು, ಲೇನ್ ಹಗ್ಗದ ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು, ಅಷ್ಟು ನಿಧಾನ.

ಟೈಮ್‌ಗಿಂತ ಮೊದಲು ಸ್ಟ್ರೋಕ್, ಅಂದರೆ ಎಷ್ಟು ಸಲ ಕೈ ಬೀಸಿದಳು ಅಂತ, ಎಣಿಸಿ. ಮೊದಲ 50ಕ್ಕೆ 20 ಬಂದು ಮೂರನೆಯದಕ್ಕೆ 23 ಆದರೆ ಪರವಾಗಿಲ್ಲ. 28 ಆದರೆ ಶುರುವಿನಲ್ಲೇ ಜಾಸ್ತಿ ಖರ್ಚು ಮಾಡಿದ್ದಾಳೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಗಾಗಲ್ಸ್‌ಗೆ ನೀರು ತುಂಬಿ ಗೋಡೆ ಕಾಣದೇ ಹೋದಾಗ, ಸ್ಟ್ರೋಕ್ ಎಣಿಸಿಕೊಂಡೇ ಇದೇ 200 ಮೀಟರ್ ಗೆದ್ದರು. 1 ನಿಮಿಷ 52.03 ಸೆಕೆಂಡು, ವಿಶ್ವದಾಖಲೆ!

ಇನ್ನೊಂದು, ಉಸಿರು ತೆಗೆದುಕೊಳ್ಳುವಾಗ ಗದ್ದ ನೀರಿಗೆ ತಾಗಿಯೇ ಇರಲಿ. ತಲೆ ಮೇಲೆದ್ದರೆ ಸೊಂಟ ಮುಳುಗುತ್ತದೆ, ಆಗ ಕೈ ಎಷ್ಟು ಬೀಸಿದರೂ ಸುಮ್ನೆ. ಕೈ ನೀರಿಗೆ ಬೀಳುವ ಮುಂಚೆಯೇ ಮುಖ ಒಳಗೆ ಹೋಗಬೇಕು. ಒಂದು ಸ್ಟ್ರೋಕಿಗೆ ಎರಡು ಕಿಕ್: ಕೈ ಬೀಳುವಾಗ ಒಂದು, ಕೈ ಹಿಂದಕ್ಕೆ ತಳ್ಳಿ ಹೊರಗೆ ಬರುವಾಗ ಒಂದು. ಸುಸ್ತಾದಾಗ ಮೊದಲು ಬಿಟ್ಟುಹೋಗುವುದು ಈ ಎರಡನೆಯದೇ, ಅದಕ್ಕೇ ಕೈ ಏಳುವುದಿಲ್ಲ. ದಂಡೆ ಮೇಲೆ ನಿಂತು ಅದನ್ನೊಂದು ನೋಡಿ.

ಚಿತ್ರದುರ್ಗದಿಂದ:
ಮೇಲಿನವರು ಹೇಳಿದ್ದು ಸರಿ. ಅಭ್ಯಾಸದ ಕೊಳ 25 ಮೀಟರಿನದಾ? ಅಲ್ಲಿ 200ಕ್ಕೆ 7 ಸಲ ತಿರುಗಿ ಗೋಡೆ ಒದೆಯಬಹುದು, 50ರ ಕೊಳದಲ್ಲಿ ಮೂರೇ ಸಲ. ನನ್ನ ತಮ್ಮ ಆ 50ರ ಕೊಳದಲ್ಲೇ ಸೋತ. ಆಮೇಲೆ 50 ಮೀಟರನ್ನು ನಾಲ್ಕು ಸಲ, ನಡುವೆ 10 ಸೆಕೆಂಡು ಬಿಟ್ಟು, ನಾಲ್ಕೂ ಒಂದೇ ಟೈಮಿಗೆ ಬರುವ ಹಾಗೆ ಈಜಿಸಿದೆವು. ಸ್ಟ್ರೋಕ್ ಕೆಟ್ಟರೆ ನಿಲ್ಲಿಸಿಬಿಡಿ, ಕೆಟ್ಟದ್ದೇ ರೂಢಿಯಾಗಬಾರದು. ಸುಸ್ತಲ್ಲಿ ಒಂದೇ ಕೈಯಲ್ಲಿ ಗೋಡೆ ಮುಟ್ಟಿದರೆ ಅನರ್ಹ, ಎರಡೂ ಒಟ್ಟಿಗೆ ತಾಗಬೇಕು.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ದಂಡೆ ಮೇಲೆ ಕೂತು ಎಣಿಸಿದೆ. 19, 22, 27, 29. ಮೂರನೆಯದರಲ್ಲಿ ಎರಡನೇ ಕಿಕ್ ನಿಜವಾಗಿಯೂ ಇರಲಿಲ್ಲ. ನಾಳೆ ಮೊದಲ 50 ನಿಧಾನ ಮಾಡು ಅಂತ ಹೇಳಿದ್ದೇನೆ, ಎಣಿಸಿ ಬರೆಯುತ್ತೇನೆ.