ಪದಚರ್ಚೆ: ಗ್ರಾಮಫೋನ್ ತಟ್ಟೆಯ ‘ಬಿ’ ಬದಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ – ಸರಸ್ವತಿಪುರಂ, ಮೈಸೂರು

ಮಾನ್ಯರೇ,

ನಾಳೆ ಸಂಜೆ ಐದು ಗಂಟೆಯೊಳಗೆ ಒಂದು ಫಲಕದ ಬರಹವನ್ನು ಮುದ್ರಣಕ್ಕೆ ಕೊಡಬೇಕಾಗಿದೆ. ಒಂದೇ ಒಂದು ಪದಕ್ಕಾಗಿ ಎರಡು ದಿನದಿಂದ ತಡಕಾಡುತ್ತಿದ್ದೇನೆ. ನಮ್ಮ ತಂದೆಯವರು ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕೊಂಡಿಟ್ಟಿದ್ದ ಇಂಗ್ಲಿಷ್ ಪಾಪ್ ಹಾಡುಗಳ ಏಳು ಇಂಚಿನ ತಟ್ಟೆಗಳನ್ನು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ವಾರ ಪ್ರದರ್ಶನಕ್ಕೆ ಇಡುತ್ತಿದ್ದೇವೆ. ನಿಮಿಷಕ್ಕೆ 45 ಸುತ್ತು ತಿರುಗುವ ಈ ಬಗೆಯ ತಟ್ಟೆಯನ್ನು ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿಯು 1949ರಲ್ಲಿ ಮಾರುಕಟ್ಟೆಗೆ ತಂದಿತು. ಬದಿಗೊಂದೇ ಹಾಡು: ಕಂಪನಿಯವರು ನೆಚ್ಚಿಕೊಂಡ ಹಾಡು ‘ಎ’ ಬದಿಗೆ, ಜೊತೆಗೊಂದು ಇರಲಿ ಎಂದು ಸೇರಿಸಿದ್ದು ‘ಬಿ’ ಬದಿಗೆ.

‘ಸಿಂಗಲ್’ ಎಂಬುದಕ್ಕೆ ‘ಬಿಡಿ ತಟ್ಟೆ’ ಎಂದು ಬರೆದುಕೊಂಡಿದ್ದೇನೆ. ತೊಡಕಿರುವುದು ‘ಬಿ’ ಬದಿಯಲ್ಲಿ. ಟ್ರಂಕಿನಿಂದ ತೆಗೆದ ತಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ, ‘ಎ’ ಬದಿಯ ಗೆರೆಗಳು ಸೂಜಿಗೆ ಸವೆದು ಬೂದು ಬಣ್ಣಕ್ಕೆ ತಿರುಗಿರುವುದೂ ‘ಬಿ’ ಬದಿ ಈಗಷ್ಟೇ ಅಂಗಡಿಯಿಂದ ತಂದಂತೆ ಕರ್ರಗೆ ಮಿನುಗುವುದೂ ಕಾಣುತ್ತದೆ. ಯಾರೂ ಕೇಳದೆ ಉಳಿದ ಆ ಹಾಡಿಗೆ ಒಂದು ಹೆಸರು ಬೇಕು. ದಯವಿಟ್ಟು ಬೇಗ ತಿಳಿಸಿ.

ಉತ್ತರ – ಕುವೆಂಪುನಗರ, ಮೈಸೂರು

‘ದ್ವಿತೀಯ ಪಾರ್ಶ್ವಗೀತೆ’ ಎನ್ನಿ. ಹೊಸ ವಸ್ತುವಿಗೆ ಹೊಸ ಪದ ಕಟ್ಟುವಾಗ ಸಂಸ್ಕೃತದ ಧಾತುಗಳನ್ನು ಆಶ್ರಯಿಸುವುದು ನಮ್ಮ ಊರಿನದೇ ಪರಂಪರೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟರು. ಮುಂದೆ ಅದೇ ಹೆಸರನ್ನು ಇಡೀ ದೇಶ ಒಪ್ಪಿಕೊಂಡಿತು. ಬೇರೆ ಆಧಾರ ಬೇಕಿಲ್ಲ.

ಉತ್ತರ – ಮಂಡ್ಯ

ಮೇಷ್ಟ್ರೇ, ‘ಪಾರ್ಶ್ವಗೀತೆ’ ಎಂದು ಬರೆದರೆ ವಾಚನಾಲಯಕ್ಕೆ ಬಂದವರು ಪಾರ್ಶ್ವವಾಯುವಿನ ತಪಾಸಣೆಯ ಫಲಕವೆಂದು ತಿಳಿದು ಮುಂದೆ ಹೋಗುತ್ತಾರೆ. ‘ಹಿಂಬದಿ’ ಎಂಬ ಪದ ಇರುವಾಗ ಈ ಹೊರೆ ಏಕೆ? ಹಿಮ್ಮಡಿ, ಹಿಮ್ಮೇಳ ಇವುಗಳ ಸಾಲಿನಲ್ಲಿ ‘ಹಿಮ್ಮೈ’ ಎಂದರೂ ಸರಿಯೇ, ಅದಕ್ಕೆ ಜೋಡಿಯಾಗಿ ‘ಮುಮ್ಮೈ’ ಕೂಡ ಸಿಗುತ್ತದೆ. ಪ್ರಶ್ನೆ ಕೇಳಿದವರು ‘ತಟ್ಟೆ’ ಎಂದಿರುವುದು ನನಗೆ ಬಹಳ ಹಿಡಿಸಿತು. ಅದು ರೊಟ್ಟಿ ತಟ್ಟುವ ‘ತಟ್ಟು’ವಿನಿಂದಲೇ ಬಂದದ್ದೆಂದು ನಾನು ನಂಬಿದ್ದೇನೆ, ಬಿಸಿ ಮುದ್ದೆಯನ್ನು ಅಚ್ಚುಗಳ ನಡುವೆ ಒತ್ತಿ ಚಪ್ಪಟೆ ಮಾಡಿದ ವಸ್ತುವಿಗೆ ಇದಕ್ಕಿಂತ ತಕ್ಕ ಹೆಸರು ಇನ್ನೇನಿದೆ?

ಉತ್ತರ – ಕುವೆಂಪುನಗರ, ಮೈಸೂರು

ನಂಬಿಕೆ ವ್ಯುತ್ಪತ್ತಿಯಲ್ಲ.

ಉತ್ತರ – ಶ್ರೀರಂಗಪಟ್ಟಣ

ನಾನು ನಲವತ್ತು ವರ್ಷಗಳಿಂದ ತಟ್ಟೆಗಳನ್ನು ಕೂಡಿಡುತ್ತಿರುವವನು, ವ್ಯಾಕರಣ ಕಲಿತವನಲ್ಲ. ಆದರೂ ‘ಹಿಂಬದಿ’ ಎಂಬುದನ್ನು ಒಪ್ಪಲಾರೆ. ನಿಜವಾದ ಹಿಂಬದಿ ಇದ್ದದ್ದು ಮೊದಮೊದಲ ತಟ್ಟೆಗಳಿಗೆ. ಗಾಯಕಿ ಗೌಹರ್ ಜಾನ್ ಅವರು 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿಕೊಟ್ಟಾಗ ಹಾಡು ಒಂದೇ ಬದಿಗೆ ಇರುತ್ತಿತ್ತು, ಇನ್ನೊಂದು ಬದಿ ಬೋಳು. (ಆ ಮಹಾತಾಯಿ ಕೊನೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಇಲ್ಲಿಯೇ ತೀರಿಕೊಂಡರು.) 1904ರಲ್ಲಿ ಜರ್ಮನಿಯ ಓಡಿಯನ್ ಕಂಪನಿಯವರು ಎರಡೂ ಬದಿಗೆ ಹಾಡು ಕೂರಿಸಿ ಮಾರಲು ತೊಡಗಿದ ಮೇಲೆ ತಟ್ಟೆಗೆ ಹಿಂದುಮುಂದು ಉಳಿಯಲಿಲ್ಲ. ನೀವು ಮೇಲೆ ಮಾಡಿ ಇಟ್ಟದ್ದೇ ಮುಂಬದಿ.

ಇನ್ನು, ‘ಬಿ’ ಎಂದರೆ ಕಡಿಮೆ ಎಂಬ ಲೆಕ್ಕವೂ ಎಷ್ಟೋ ಸಲ ತಪ್ಪಿದೆ. ಬಿಲ್ ಹೇಲಿಯವರ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಬಂದದ್ದು ‘ಬಿ’ ಬದಿಯಲ್ಲಿ. ಮರುವರ್ಷ ಒಂದು ಸಿನಿಮಾದಲ್ಲಿ ಅದನ್ನು ಬಳಸಿದ ಮೇಲೆ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದರ ‘ಎ’ ಬದಿಯಲ್ಲಿ ಯಾವ ಹಾಡಿತ್ತೆಂದು ಇಂದು ಕೇಳಿದರೆ ಹೇಳುವವರು ವಿರಳ. ಬೀಟಲ್ಸ್ ತಂಡದವರಂತೂ 1965ರಲ್ಲಿ ಒಂದು ತಟ್ಟೆಯ ಎರಡೂ ಬದಿಗಳನ್ನು ‘ಎ’ ಎಂದೇ ಕರೆದು ಬಿಡುಗಡೆ ಮಾಡಿದರು. ಹಣದ ಲೆಕ್ಕದಲ್ಲಿಯೂ ಹಾಗೆಯೇ: ತಟ್ಟೆಯೊಂದು ಮಾರಾಟವಾದರೆ ಎರಡೂ ಬದಿಯ ಹಾಡು ಬರೆದವರಿಗೆ ಸಮಪಾಲು ಸಲ್ಲುತ್ತಿತ್ತು. ಆದ್ದರಿಂದಲೇ ತಯಾರಕರು, ವ್ಯವಸ್ಥಾಪಕರು ತಾವೇ ಗೀಚಿದ ಒಂದು ಹಾಡನ್ನು ‘ಬಿ’ ಬದಿಗೆ ತೂರಿಸಿ, ಎದುರು ಬದಿಯ ಹಾಡಿನ ಬೆನ್ನೇರಿ ಹಣ ಮಾಡಿಕೊಂಡದ್ದೂ ಉಂಟು.

ನಮ್ಮ ಕಡೆ ಅದನ್ನು ತಟ್ಟೆ ಎಂದವರು ಪುಸ್ತಕ ಬರೆದವರು ಮಾತ್ರ. ಮನೆಗಳಲ್ಲಿ ‘ಪ್ಲೇಟು’ ಎನ್ನುತ್ತಿದ್ದರು, ‘ಪ್ಲೇಟು ತಿರುವಿ ಹಾಕು’ ಎನ್ನುತ್ತಿದ್ದರು. ಮಾತು ಬದಲಿಸಿದವನನ್ನು ಕುರಿತು ‘ಪ್ಲೇಟು ತಿರುಗಿಸಿದ’ ಎಂದು ಇಂದಿಗೂ ಆಡಿಕೊಳ್ಳುವುದು, ನನ್ನ ಎಣಿಕೆಯಲ್ಲಿ, ಆ ರೂಢಿಯಿಂದಲೇ ಬಂದದ್ದು. ಹೆಸರು ಬೇಕಾದರೆ ಅಲ್ಲಿಂದ ತೆಗೆದುಕೊಳ್ಳಿ.

ಉತ್ತರ – ಕುವೆಂಪುನಗರ, ಮೈಸೂರು

‘ಪ್ಲೇಟು’ ಎಂಬುದನ್ನು ಫಲಕದ ಮೇಲೆ ಬರೆಸುವುದಾದರೆ ಈ ಚರ್ಚೆಯೇ ವ್ಯರ್ಥ. ‘ಪ್ಲೇಟು ಬದಿ’ ಎಂಬ ಜೋಡಣೆ ಯಾವ ಸಮಾಸ? ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನು ಸಂಸ್ಕೃತವನ್ನೂ ಕನ್ನಡವನ್ನೂ ಬೆರೆಸುವುದಕ್ಕೇ ಕಟ್ಟುಪಾಡು ಹಾಕಿದ್ದಾನೆ. ಇಂಗ್ಲಿಷನ್ನು ಬೆರೆಸುವುದನ್ನು ಅವನು ಕಲ್ಪಿಸಿಕೊಂಡೂ ಇರಲಾರ.

ಉತ್ತರ – ಮಂಡ್ಯ

ಕೇಶಿರಾಜನು ಸಡಿಲಿಕೆಯನ್ನೂ ಕೊಟ್ಟಿದ್ದಾನೆ, ಅದನ್ನು ಮೇಷ್ಟ್ರು ಹೇಳುವುದಿಲ್ಲ. ‘ಪ್ಲೇಟು’ ನನಗೂ ಬೇಡ. ಆದರೆ ಅದು ಎರವಲು ಎಂಬ ಕಾರಣಕ್ಕೆ ಬೇಡವೆನ್ನುವವರು ಎರವಲು ತಂದ ‘ಪಾರ್ಶ್ವ’ವನ್ನು ಮಡಿಯುಡಿಸಿ ಕೂರಿಸುವುದು ಎಲ್ಲಿಯ ನ್ಯಾಯ? ಹಳೆಯ 78 ವೇಗದ ತಟ್ಟೆಗಳನ್ನು ಒತ್ತಲು ಬಳಸಿದ್ದು ಅರಗು. ಆ ಅರಗು ಹೊರದೇಶಗಳಿಗೆ ಹೋದದ್ದು ಹೆಚ್ಚಾಗಿ ಭಾರತದಿಂದ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ. ನಾವು ಅಂದೇ ‘ಅರಗಿನ ತಟ್ಟೆ’ ಎಂದಿದ್ದರೆ ಎಷ್ಟು ಚೆನ್ನಾಗಿತ್ತು! ವಸ್ತು ನಮ್ಮದು, ಪದ ನಮ್ಮದು.

ಉತ್ತರ – ಕುವೆಂಪುನಗರ, ಮೈಸೂರು

‘ಅರಗು’ ಕೂಡ ‘ಲಾಕ್ಷಾ’ ಎಂಬುದರ ತದ್ಭವವೆಂದು ಹೇಳುವ ಪಂಡಿತರಿದ್ದಾರೆ. ತಮ್ಮ ಮಡಿಯೂ ಅಷ್ಟರಲ್ಲೇ ಇದೆ. ಅಲ್ಲದೆ ಪ್ರದರ್ಶನದಲ್ಲಿರುವ ತಟ್ಟೆಗಳು ವಿನೈಲಿನವು, ಅರಗಿನವಲ್ಲ.

ಮರುಪ್ರಶ್ನೆ – ಸರಸ್ವತಿಪುರಂ, ಮೈಸೂರು

ಹಿರಿಯರ ಜಗಳದ ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆ ಇರಲಿ, ಗಂಟೆ ಹನ್ನೊಂದಾಯಿತು. ಶ್ರೀರಂಗಪಟ್ಟಣದವರ ಪತ್ರ ಓದಿದ ಮೇಲೆ ಎಲ್ಲ ತಟ್ಟೆಗಳನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಕಲ್ಕತ್ತೆಯ ದಂದಂ ಕಾರ್ಖಾನೆಯಲ್ಲಿ ಒತ್ತಿದ ಒಂದು ತಟ್ಟೆಯಲ್ಲಿ ಸವೆದಿರುವುದು ‘ಬಿ’ ಬದಿ! ಅದರ ನಡುವಿನ ಚೀಟಿಯ ಮೇಲೆ ತಂದೆಯವರು ನೀಲಿ ಶಾಯಿಯಲ್ಲಿ ಸಣ್ಣದೊಂದು ಗುರುತು ಹಾಕಿದ್ದಾರೆ. ‘ಎ’ ಬದಿಯಲ್ಲಿ ಯಾವ ಗುರುತೂ ಇಲ್ಲ. ಇದನ್ನು ಕಂಡ ಮೇಲೆ ‘ಹಿಂಬದಿ’ ಎಂದು ಬರೆಯಲು ಕೈ ಬರುತ್ತಿಲ್ಲ. ‘ಮರುಮಗ್ಗುಲು’ ಎನ್ನಬಹುದೇ? ಮಲಗಿದವರು ಮಗ್ಗುಲು ಬದಲಿಸುತ್ತಾರೆ, ತಟ್ಟೆಯನ್ನೂ ಹಾಗೆಯೇ ಬದಲಿಸುತ್ತೇವೆ. ಯಾವ ಮಗ್ಗುಲೂ ಹಿಂದಲ್ಲ, ಮುಂದಲ್ಲ.

ಉತ್ತರ – ಶ್ರೀರಂಗಪಟ್ಟಣ

ಚೆನ್ನಾಗಿದೆ, ಅಮ್ಮಾ. ನಮ್ಮ ಮನೆಯಲ್ಲಿ ಅಜ್ಜಿ ‘ಇನ್ನೊಂದು ಮಗ್ಗುಲು ಹಾಕೋ’ ಎನ್ನುತ್ತಿದ್ದದ್ದು ಈಗ ನೆನಪಾಯಿತು. ದೋಸೆಗೂ ಪ್ಲೇಟಿಗೂ ಅವರದು ಅದೇ ಮಾತು.

ಉತ್ತರ – ಮಂಡ್ಯ

‘ಮಗ್ಗುಲ ಮುಳ್ಳು’ ನೆನಪಾಗುತ್ತದೆ. ಆದರೂ ‘ಪಾರ್ಶ್ವ’ಕ್ಕಿಂತ ಸಾವಿರ ಪಾಲು ಮೇಲು. ಒಪ್ಪಿದೆ.

ಉತ್ತರ – ಕುವೆಂಪುನಗರ, ಮೈಸೂರು

‘ಮರು’ ಎಂಬುದಕ್ಕೆ ‘ಮತ್ತೆ’ ಎಂಬ ಅರ್ಥವೇ ರೂಢಿಯಲ್ಲಿ ಮುಂದಾಗಿರುವುದರಿಂದ, ಓದುವವರು ಅದನ್ನು ಮರುಮುದ್ರಣದಂತೆ ಮರುಪ್ರಸಾರವೆಂದು ತಿಳಿಯುವ ಅಪಾಯವಿದೆ. ಮರುದಿನ ಎಂಬಲ್ಲಿ ‘ಮುಂದಿನ’ ಎಂಬ ಅರ್ಥವೂ ಇರುವುದರಿಂದ ತಪ್ಪೆನ್ನಲಾರೆ. ನನ್ನ ಸಮ್ಮತಿಯಿಲ್ಲ, ಆಕ್ಷೇಪವೂ ಇಲ್ಲ.

ಕಡೆಯ ಪತ್ರ – ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ವಂದನೆಗಳು. ಮೇಷ್ಟ್ರ ಎಚ್ಚರಿಕೆಯನ್ನು ಮನ್ನಿಸಿ ‘ಮರು’ವನ್ನು ಬಿಟ್ಟೆ. ಫಲಕದ ತಲೆಬರಹ ‘ಇನ್ನೊಂದು ಮಗ್ಗುಲ ಹಾಡುಗಳು’ ಎಂದಾಗಿದೆ. ಅಜ್ಜಿಯ ಮಾತನ್ನು ಹೇಳಿದ ಶ್ರೀರಂಗಪಟ್ಟಣದವರಿಗೆ ಋಣಿ. ನೀಲಿ ಗುರುತಿನ ತಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ‘ಬಿ’ ಮೇಲಾಗಿ ಇಟ್ಟಿದ್ದೇನೆ. ಮುದ್ರಣದವರು ಕರಡಿನಲ್ಲಿ ‘ಮಗ್ಗುಲ’ವನ್ನು ‘ಮಗುಳ’ ಎಂದು ಕೂರಿಸಿದ್ದರು, ತಿದ್ದಿಸಿ ಬಂದೆ.