ಪ್ರಯಾಣಕ್ಕೆ ಹಗುರ ಕೌದಿ: ಎಷ್ಟು ಪದರ, ಯಾವ ಬಟ್ಟೆ?

ಸೂಜಿಮಲ್ಲಿಗೆ, ಬಳ್ಳಾರಿ:
ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬರ್ತಿನಾಗ ಒಬ್ಬರಿಗೆ ಹೊದಿಯಾಕ ಸಾಕಾಗೋ, ಹೆಗಲ ಚೀಲದಾಗ ಹಿಡಿಯೋ ಕೌದಿ ಬೇಕಾಗ್ಯದ. ಇರೋದು ಐದೂವರೆ ಮೀಟರಿನ ಹಳೇ ಕಾಟನ್ ಸೀರೆ ಒಂದು, ಕುಪ್ಪಸದ ಕಟ್ ಪೀಸು ಒಂದು ಚೀಲ, ಜೀನ್ಸ್ ಹೊಲಿಯೋರ ಕಡೆಯಿಂದ ಬಂದ ಡೆನಿಮ್ ಚೂರು. ಹಾಸೋ ಕೌದಿ ಹಂಗ ಐದಾರು ಪದರ ಹಾಕಿದ್ರೆ ಹೊರಾಕ ಆಗಂಗಿಲ್ಲ. ಎಷ್ಟು ಸಾಕು? ಡೆನಿಮ್ ಹಾಕಬಹುದಾ?

ದಡಿಸೆರಗು, ಕೊಪ್ಪಳ:
ಮೂರೇ ಪದರ ಸಾಕ್ರಿ. ಮ್ಯಾಲ ತ್ಯಾಪಿ, ಅಂದ್ರ ಕಟ್ ಪೀಸಿನ ಚೌಕ ಕೂಡಿಸಿದ ಪದರ; ನಡುವ ಮತ್ತು ಕೆಳಗ ಸೀರೆ. ಅಗಲ 40 ಇಂಚು, ಉದ್ದ 60. ಕಟ್ ಪೀಸಿನಾಗ 6 ಇಂಚಿನ ಚೌಕ ಕತ್ತರಿಸ್ರಿ. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ 5 ಉಳಿತದ. ಅಗಲಕ್ಕ 8, ಉದ್ದಕ್ಕ 12, ಒಟ್ಟು 96 ಚೌಕ.

ಸೀರೆಯ ಒಂದು ಬದಿ ದಡಿ ಮೊದಲೇ ಕತ್ತರಿಸಿ ಎತ್ತಿಡ್ರಿ. ಕೌದಿ ಸುತ್ತಳತೆ 200 ಇಂಚು, ದಡಿ 216 ಇಂಚು ಬರ್ತದ. ನಾಲ್ಕು ಮೂಲಿ ಮಡಚಿ ತುದಿ ಕೂಡಿಸಾಕ ಸರಿ ಹೋಗ್ತದ. ಅಂಚಿಗೆ ಬೇರೆ ಬಟ್ಟೆನೇ ಬ್ಯಾಡ. ಉಳಿದ ಸೀರೆಯಾಗ 62 ಇಂಚಿನ ಎರಡು ತುಂಡು. ಸೆರಗು ಬಿಡ್ರಿ, ಅಲ್ಲಿ ನೇಯ್ಗೆ ದಪ್ಪ.

ಡೆನಿಮ್ ಮಾತ್ರ ಬ್ಯಾಡೇ ಬ್ಯಾಡ. 12 ಔನ್ಸಿನ ಜೀನ್ಸ್ ಬಟ್ಟೆ ಚದರ ಮೀಟರಿಗೆ ಸುಮಾರು 400 ಗ್ರಾಂ. ಈ ಅಳತೆಗೆ ಒಂದೇ ಪದರ 600 ಗ್ರಾಂ ದಾಟ್ತದ. ತೆಳು ಕಾಟನ್ನಿನ ಇಡೀ ಕೌದಿ ಅದಕ್ಕಿಂತ ಹಗುರ. ಕೌದಿ ಸುತ್ತಿಡೋ ಚೀಲಕ್ಕ ಬೇಕಾದ್ರ ಬಳಸ್ರಿ.

ಎಳೆಹತ್ತಿ, ರಾಯಚೂರು:
ಒಂದು ಸೇರಿಸ್ತೀನಿ, ಕತ್ತರಿ ಹಿಡಿಯೋಕ ಮೊದಲು ಕಟ್ ಪೀಸು ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕ್ರಿ. ಸೀರೆ ತೊಳೆದು ತೊಳೆದು ಕುಗ್ಗೋದು ಮುಗಿದಿರ್ತದ, ಹೊಸ ಬಟ್ಟಿದು ಇನ್ನೂ ಬಾಕಿ. ಹಂಗೇ ಕೂಡಿಸಿದ್ರೆ ಮೊದಲನೇ ಒಗೆತಕ್ಕೇ ಮ್ಯಾಲಿನ ಪದರ ಎಳಕೊಂಡು ಕೆಳಗಿಂದು ಜೋತು ಬೀಳ್ತದ. ಕೆಂಪು, ಕಡುನೀಲಿ ಇದ್ರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡ್ರಿ. ಬಣ್ಣ ಹತ್ತಿದ್ರೆ ಆ ಚೂರು ಬ್ಯಾಡ.

ಕುಪ್ಪಸದ ಚೀಲದಾಗ ಪಾಲಿಯೆಸ್ಟರ್ ಸೇರಿರ್ತದ. ಒಂದೆಳೆ ಸುಟ್ಟು ನೋಡ್ರಿ. ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ, ಪುಡಿ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗ್ತದ. ಅದು ಬೆವರು ಹೀರಂಗಿಲ್ಲ.

ಸೂಜಿಮಲ್ಲಿಗೆ, ಬಳ್ಳಾರಿ:
ನಾಲ್ಕು ಚೌಕ ಕೂಡೋ ಮೂಲ್ಯಾಗ ಸೂಜಿ ಸಿಕ್ಕೊಂತದ. ದಾರ ಎಷ್ಟು ತರಬೇಕು?

ದಡಿಸೆರಗು, ಕೊಪ್ಪಳ:
ಒಂದನೇ ಸಾಲಿನ ಹೊಲಿಗೆಯಂಚು ಎಡಕ್ಕ, ಎರಡನೇದು ಬಲಕ್ಕ ಮಡಚಿ ಇಸ್ತ್ರಿ ಮಾಡ್ರಿ. ಒಂದರ ಮ್ಯಾಲೊಂದು ಗುಡ್ಡೆ ಬೀಳಂಗಿಲ್ಲ. ಆಮೇಲೆ ಮೂರೂ ಪದರ ನೆಲಕ್ಕ ಹಾಸಿ, ಗೇಣಿಗೊಂದರಂತೆ ಉದ್ದನೆ ಕಚ್ಚಾ ಹೊಲಿಗೆ ಹಾಕ್ರಿ. ಇದನ್ನ ಬಿಟ್ಟವರ ಕೌದಿನೇ ನಡುವ ಉಬ್ಬೋದು. ಕೈಹೊಲಿಗೆ ನಡುವಿಂದ ಅಂಚಿನ ಕಡೆ ಹೋಗಲಿ, ಸಡಿಲು ಹೊರಗ ಸರಿತದ. ಸಾಲು ಸಾಲಿಗೆ ಒಂದೂವರೆ ಇಂಚು ಅಂತರ ಇಟ್ರೆ ಸುಮಾರು 26 ಸಾಲು, ಜೋಡೆಳೆಗೆ ಹತ್ತಿರ ಹತ್ತಿರ 100 ಮೀಟರ್ ದಾರ. ತ್ಯಾಪಿ ಕೂಡಿಸೋದು, ದಡಿ ಕಟ್ಟೋದು ಬೇರೆ. ಹಂಗಾಗಿ 100 ಮೀಟರಿನ ರೀಲು ಮೂರು ತಗೊಳ್ರಿ. ಕಾಟನ್ ದಾರನೇ ಇರಲಿ.