ಡೇವಿಸ್ ಕ್ಯಾಂಪಸ್ಸಿನಲ್ಲಿ ಪೆಪ್ಪರ್ ಸ್ಪ್ರೇ ಹೊಡೆದ ಪೊಲೀಸಪ್ಪನಿಗೆ ಕೊನೆಗೆ ಏನಾಯ್ತು?

ಬೀಜಮೊಳಕೆ:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಮುಗಿಸಿದ್ದೇನೆ, ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್‌ನಲ್ಲಿ ಎಂಎಸ್‌ಗೆ ಸೀಟು ಸಿಕ್ಕಿದೆ. ಕ್ಯಾಂಪಸ್ ಹೇಗಿದೆ ನೋಡೋಣ ಅಂತ ಹುಡುಕಿದರೆ ಎರಡನೇ ಸಾಲಿನಲ್ಲೇ ಆ ಹಳೇ ಫೋಟೊ ಬಂತು. ನಿಮ್ಮಲ್ಲೂ ತುಂಬಾ ಜನ ನೋಡಿರುತ್ತೀರಿ. ಹುಡುಗ ಹುಡುಗಿಯರು ಕೈಗೆ ಕೈ ಬೆಸೆದು, ತಲೆ ತಗ್ಗಿಸಿ, ಕಾಲುದಾರಿಗೆ ಅಡ್ಡವಾಗಿ ಸಾಲಾಗಿ ಕೂತಿದ್ದಾರೆ. ಮೀಸೆಯ ಪೊಲೀಸ್ ಒಬ್ಬ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯೋ ಹಾಗೆ ಆರಾಮಾಗಿ ನಡೆಯುತ್ತಾ ಎಲ್ಲರ ಮುಖಕ್ಕೂ ಕೆಂಪಗೆ ಸ್ಪ್ರೇ ಹೊಡೆಯುತ್ತಿದ್ದಾನೆ.

ಅವನಿಗೆ ಶಿಕ್ಷೆ ಆಯ್ತಾ? ನಮ್ಮಪ್ಪ ಫೋಟೊ ನೋಡಿ "ಪೊಲೀಸರು ಎಲ್ಲಿದ್ದರೂ ಒಂದೇ, ಏನೂ ಆಗಿರಲ್ಲ ಬಿಡು" ಅಂದರು. ಅಮೆರಿಕದಲ್ಲಿ ಹಂಗಿರಲ್ಲ ಅಂತ ನಾನು ವಾದ ಮಾಡಿದ್ದೇನೆ. ಯಾರು ಗೆದ್ದರು ಹೇಳಿ.

ಸ್ಯಾಕ್ರಮೆಂಟೊ ಸೀನ:

ಇಬ್ಬರೂ ಅರ್ಧರ್ಧ ಗೆದ್ದಿದ್ದೀರಿ 😄 ನಾನಿರೋದು ಡೇವಿಸ್ ಪಕ್ಕದಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅದು ನಡೆದಿದ್ದು 2011ರ ನವೆಂಬರ್ 18, ಶುಕ್ರವಾರ ಮಧ್ಯಾಹ್ನ. ಆಗ ಆಕ್ಯುಪೈ ಚಳವಳಿಯ ಕಾಲ (ಆರ್ಥಿಕ ಅಸಮಾನತೆ ವಿರುದ್ಧ ಜನ ಸಾರ್ವಜನಿಕ ಜಾಗಗಳಲ್ಲಿ ಟೆಂಟ್ ಹಾಕಿ ಕೂರುತ್ತಿದ್ದರು), ಜೊತೆಗೆ ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಿ ಫೀಸು ಏರುತ್ತಲೇ ಇತ್ತು. ಹುಡುಗರು ಕ್ವಾಡ್ ಅನ್ನೋ ದೊಡ್ಡ ಹುಲ್ಲಿನ ಬಯಲಲ್ಲಿ ಟೆಂಟ್ ಹಾಕಿದರು. ಟೆಂಟ್ ಕೀಳಿಸಿ ಅಂತ ಚಾನ್ಸೆಲರ್, ಅಂದರೆ ಕ್ಯಾಂಪಸ್ಸಿನ ಮುಖ್ಯಸ್ಥೆ, ಲಿಂಡಾ ಕಟೇಹಿ ಕ್ಯಾಂಪಸ್ ಪೊಲೀಸರಿಗೆ ಹೇಳಿದರು. ಪೊಲೀಸರು ಹೆಲ್ಮೆಟ್ ಹಾಕಿಕೊಂಡು ಬಂದು ಕೆಲವರನ್ನು ಹಿಡಿದರು, ಉಳಿದವರು ದಾರಿಗೆ ಅಡ್ಡ ಕೂತರು. ಲೆಫ್ಟಿನೆಂಟ್ ಜಾನ್ ಪೈಕ್ ಡಬ್ಬಿಯನ್ನು ಮೇಲೆತ್ತಿ ಸುತ್ತಲಿದ್ದ ಜನರಿಗೆಲ್ಲ ತೋರಿಸಿ, ಆಮೇಲೆ ಹೊಡೆದ. ಹತ್ತು ಜನರ ಬಂಧನ, ಇಬ್ಬರು ಆಸ್ಪತ್ರೆಗೆ. ಅಲ್ಲಿದ್ದ ನೂರಾರು ಫೋನುಗಳಲ್ಲಿ ಅದೆಲ್ಲ ರೆಕಾರ್ಡ್ ಆಯ್ತು.

"ಜನ ನಮ್ಮನ್ನು ಸುತ್ತುಗಟ್ಟಿದ್ದರು, ಹೊರಗೆ ಹೋಗಲು ದಾರಿ ಇರಲಿಲ್ಲ" ಅನ್ನೋದು ಪೊಲೀಸರು ಕೊಟ್ಟ ಕಾರಣ. ವಿಡಿಯೋ ಪೂರ್ತಿ ನೋಡಿ. ಹೊಡೆಯೋಕೆ ಮುಂಚೆ ಪೈಕ್ ಕೂತವರ ಸಾಲನ್ನು ಆರಾಮಾಗಿ ದಾಟಿ ಈ ಕಡೆ ಬರುತ್ತಾನೆ! ದಾರಿ ಇಲ್ಲದವನು ಹಾಗೆ ದಾಟಿ ಬರ್ತಾನಾ?

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಕ್ರೂಸ್ ರೆನೋಸೊ ಅವರ ಸಮಿತಿ ತನಿಖೆ ಮಾಡಿತು. ವರದಿ ಹೊರಬರದಂತೆ ಪೊಲೀಸ್ ಯೂನಿಯನ್ ಕೋರ್ಟಿಗೆ ಹೋಯಿತು, ವಾರಗಟ್ಟಲೆ ತಡೆಯಿತು. 2012ರ ಏಪ್ರಿಲ್‌ನಲ್ಲಿ ಬಂದಾಗ ಹೆಚ್ಚಿನ ಅಧಿಕಾರಿಗಳ ಹೆಸರನ್ನು ತೆಗೆದಿದ್ದರು, ಪತ್ರಿಕೆಗಳು ಕೇಸು ಹಾಕಿ ಆಮೇಲೆ ಹೊರಗೆ ತರಿಸಿದವು. ವರದಿಯ ಮಾತು ನೇರ: ಇದು ಆಗಬಾರದಿತ್ತು, ತಪ್ಪಿಸಬಹುದಿತ್ತು. ಪೈಕ್ ಕೈಯಲ್ಲಿದ್ದದ್ದು ಎಂಕೆ-9 ಅನ್ನೋ ದೊಡ್ಡ ಡಬ್ಬಿ. ಅದನ್ನು ಬಳಸಲು ಆ ಪೊಲೀಸರಿಗೆ ಅನುಮತಿಯೂ ಇರಲಿಲ್ಲ, ತರಬೇತಿಯೂ ಇರಲಿಲ್ಲ. ಕನಿಷ್ಠ ಆರು ಅಡಿ ದೂರದಿಂದ ಹೊಡೆಯಬೇಕಾದ್ದನ್ನು ಅವನು ಮುಖದ ಹತ್ತಿರವೇ ಹೊಡೆದಿದ್ದ.

ಪೊಲೀಸ್ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಪೈಕ್ ಎಂಟು ತಿಂಗಳು ಸಂಬಳದ ಸಮೇತ ರಜೆಯಲ್ಲಿದ್ದು ಜುಲೈ ಕೊನೆಗೆ ಕೆಲಸ ಕಳೆದುಕೊಂಡ. ಒಳಗಿನ ಸಮಿತಿ ಡಿಮೋಷನ್ ಇಲ್ಲವೇ ಸಸ್ಪೆನ್ಷನ್ ಸಾಕು ಅಂದಿತ್ತು, ಹೊಸ ಮುಖ್ಯಸ್ಥ ಅದನ್ನು ಒಪ್ಪದೆ ಮನೆಗೆ ಕಳಿಸಿದರು. ಇಲ್ಲಿಗೆ ನಿಮ್ಮ ಗೆಲುವು.

ಈಗ ನಿಮ್ಮಪ್ಪನ ಗೆಲುವು. ಕ್ರಿಮಿನಲ್ ಕೇಸ್ ಆಗಲೇ ಇಲ್ಲ. ಡೇವಿಸ್ ಇರೋ ಯೋಲೊ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರಿ ವಕೀಲರು) ಅದೇ ಸೆಪ್ಟೆಂಬರ್‌ನಲ್ಲಿ ಸಾಕ್ಷ್ಯ ಸಾಲದು ಅಂದುಬಿಟ್ಟರು. ಅಷ್ಟು ವಿಡಿಯೋ ಇಟ್ಟುಕೊಂಡು! ವಿದ್ಯಾರ್ಥಿಗಳು ಸಿವಿಲ್ ಕೇಸ್ ಹಾಕಿದ್ದರಿಂದ ವಿವಿ 10 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು, 21 ಜನರಿಗೆ ತಲಾ 30,000 ಡಾಲರ್. 2013ರಲ್ಲಿ ಪೈಕ್ ಕೂಡ ಈ ಘಟನೆ, ಬೆದರಿಕೆಗಳಿಂದ ಮನಸ್ಸಿಗೆ ಘಾಸಿಯಾಯಿತು ಅಂತ ಕಾರ್ಮಿಕ ಪರಿಹಾರ ಕೇಳಿ 38,055 ಡಾಲರ್ ಪಡೆದ. ಕಣ್ಣಿಗೆ ಸ್ಪ್ರೇ ಹೊಡೆಸಿಕೊಂಡವರಿಗಿಂತ ಹೊಡೆದವನಿಗೆ ಎಂಟು ಸಾವಿರ ಜಾಸ್ತಿ.

ಖಾಕಿ ನಿವೃತ್ತ:

ನಾನು ಇಲಾಖೆಯಲ್ಲಿ ಇದ್ದವನು, ಅದಕ್ಕೇ ಬೇರೆ ಕಡೆಯಿಂದ ಹೇಳ್ತೇನೆ. ಆ ಮನುಷ್ಯ ಮಾಡಿದ್ದು ತಪ್ಪು, ಸರಿ. ಕೂತವರನ್ನು ಇಬ್ಬಿಬ್ಬರು ಸೇರಿ ಎತ್ತಿ ವ್ಯಾನಿಗೆ ಹಾಕೋದು ಎಲ್ಲ ಪೊಲೀಸರಿಗೂ ಗೊತ್ತಿರುವ ಕೆಲಸ. ಬೆನ್ನು ನೋಯುತ್ತೆ, ಹೊತ್ತು ಹಿಡಿಯುತ್ತೆ, ಆದರೆ ಯಾರ ಕಣ್ಣೂ ಹೋಗಲ್ಲ.

ಆದರೆ ಟೆಂಟ್ ಕೀಳಿಸಿ ಅಂದವರು ಯಾರು? ಹಗಲು ಹೊತ್ತಲ್ಲಿ, ಕ್ಲಾಸು ಬಿಟ್ಟು ಜನ ಸೇರೋ ಸಮಯಕ್ಕೆ ಹೋಗಿ ಅಂದವರು ಯಾರು? ನಾನೂ ಆ ವರದಿಯ ಸಾರಾಂಶ ಓದಿದ್ದೇನೆ, ಪೊಲೀಸ್ ಅಧಿಕಾರಿಗಳು ಮೂರು ಗಂಟೆಗೆ ಬೇಡ ಅಂದಿದ್ದರು. ಮೇಲಿನವರು ಫೋನಲ್ಲಿ ಮೀಟಿಂಗ್ ಮಾಡಿ, ಯಾರು ಏನು ತೀರ್ಮಾನ ಮಾಡಿದರು ಅಂತ ಅವರಿಗೇ ಸ್ಪಷ್ಟ ಇಲ್ಲದೆ ಕೆಳಗೆ ಕಳಿಸಿದರು. ಎಡವಟ್ಟಾದ ಮೇಲೆ ಲೆಫ್ಟಿನೆಂಟ್ ಬಲಿ. ಚಾನ್ಸೆಲರ್ ಕುರ್ಚಿ ಅಲ್ಲಾಡಲೇ ಇಲ್ಲ ಅಲ್ವಾ?

ಕೋರ್ಟು ಕಟ್ಟೆ:

ಸಾರ್, ಮೇಲಿನವರ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಅನುಮತಿ ಇಲ್ಲದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾ ಅಂತ ಚಾನ್ಸೆಲರ್ ಹೇಳಿರಲಿಲ್ಲ. ಕೆಳಗಿನವರು ಮುಖ್ಯಸ್ಥೆಯ ಮಾತೂ ಕೇಳುತ್ತಿರಲಿಲ್ಲ ಅಂತ ಅದೇ ವರದಿ ಹೇಳುತ್ತೆ. ಇಬ್ಬರದ್ದೂ ಲೆಕ್ಕ ಆಗಲಿ, ಒಬ್ಬರದ್ದು ತೋರಿಸಿ ಇನ್ನೊಬ್ಬರದ್ದು ಮುಚ್ಚೋದು ಬೇಡ.

ವಕೀಲನಾಗಿ ನನಗೆ ಕುತೂಹಲ ಅನಿಸಿದ್ದು ಬೇರೆ. ಪೊಲೀಸರು ನೆಚ್ಚಿಕೊಂಡಿದ್ದ ಕಾನೂನು ರಾತ್ರಿ ತಂಗುವುದರ ವಿರುದ್ಧದ್ದು. ಮಧ್ಯಾಹ್ನ ಮೂರು ಗಂಟೆಗೆ ಯಾರು ರಾತ್ರಿ ತಂಗಿರುತ್ತಾರೆ? ಹಗಲಲ್ಲಿ ಟೆಂಟ್ ಕೀಳಿಸಲು ಯಾವ ಕಾನೂನಿನ ಬಲ ಇತ್ತು ಅಂತ ತನಿಖೆ ಮಾಡಿದವರಿಗೂ ಗೊತ್ತಾಗಲಿಲ್ಲ. ಬಲ ಎಷ್ಟು ಬಳಸಿದರು ಅನ್ನೋ ಪ್ರಶ್ನೆಗೆ ಮುಂಚೆ, ಅಲ್ಲಿಗೆ ಯಾಕೆ ಹೋದರು ಅನ್ನೋದಕ್ಕೇ ಉತ್ತರ ಇಲ್ಲ.

ಇನ್ನೊಂದು. ಅದೇ ಊರಲ್ಲಿ 2004ರಲ್ಲಿ ಒಂದು ಪಾರ್ಟಿ ಚದುರಿಸಲು ಪೊಲೀಸರು ಪೆಪ್ಪರ್ ಗುಂಡು ಹೊಡೆದು ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಕಾಯಂ ಹಾನಿ ಮಾಡಿದ್ದರು. ಅಮೆರಿಕದಲ್ಲಿ ಪೊಲೀಸರಿಗೆ ಕ್ವಾಲಿಫೈಡ್ ಇಮ್ಯುನಿಟಿ ಅನ್ನೋ ರಕ್ಷಣೆ ಇದೆ. ಮಾಡಿದ್ದು ತಪ್ಪು ಅಂತ ಕಾನೂನು ಮೊದಲೇ ಸ್ಪಷ್ಟವಾಗಿ ಹೇಳಿರದಿದ್ದರೆ ಅಧಿಕಾರಿ ಕೈಯಿಂದ ಪರಿಹಾರ ಕೇಳೋ ಹಾಗಿಲ್ಲ. ಆ ಕೇಸಿನಲ್ಲಿ 9ನೇ ಸರ್ಕೀಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟು 2012ರ ಜುಲೈನಲ್ಲಿ ಆ ರಕ್ಷಣೆ ಸಿಗಲ್ಲ ಅಂದಿತು. ಕ್ವಾಡ್ ಕೇಸಿನಲ್ಲಿ ವಿವಿ ರಾಜಿಗೆ ಬಂದದ್ದು ಅದಾದ ಎರಡೇ ತಿಂಗಳಿಗೆ.

ನಮ್ಮಲ್ಲಿ ಗೋಡೆ ಬೇರೆ ಥರ. ಗುಂಪು ಚದುರಿಸುವಾಗ ಮಾಡಿದ್ದಕ್ಕೆ ಪೊಲೀಸರ ಮೇಲೆ ಕ್ರಿಮಿನಲ್ ಕೇಸ್ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು. ಮೊದಲು ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ ಸೆಕ್ಷನ್ 132, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 151. ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಕೇಸಿನಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕರ್ನಾಟಕದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಆಗಿದೆ. ಹಾಗೊಂದು ಇದೆ ಅಂತ ನನ್ನ ಕಕ್ಷಿದಾರರಲ್ಲಿ ಎಷ್ಟೋ ಜನರಿಗೆ ನಾನು ಹೇಳಿದ ಮೇಲೇ ಗೊತ್ತಾಗೋದು.

ಸ್ಯಾಕ್ರಮೆಂಟೊ ಸೀನ:

@ಖಾಕಿ ನಿವೃತ್ತ, ಆ ಕುರ್ಚಿ ಅಲ್ಲಾಡಿತು ಸಾರ್, ಆದರೆ ತಡವಾಗಿ. ಘಟನೆಯ ಮರುದಿನ ಕಟೇಹಿ ಕಾರಿನ ಕಡೆ ನಡೆದಾಗ ವಿದ್ಯಾರ್ಥಿಗಳು ದಾರಿಯ ಎರಡೂ ಬದಿ ಕೂತು ಒಂದು ಮಾತೂ ಆಡಲಿಲ್ಲ. ಯೂಟ್ಯೂಬ್‌ನಲ್ಲಿದೆ, ಬರೀ ಚಪ್ಪಲಿ ಸದ್ದು ಕೇಳುತ್ತೆ. ಆಮೇಲೆ ಅವರು ಕ್ಷಮೆ ಕೇಳಿದರು, ಹುದ್ದೆಯಲ್ಲೇ ಉಳಿದರು. 2016ರಲ್ಲಿ ಸ್ಯಾಕ್ರಮೆಂಟೊ ಬೀ ಪತ್ರಿಕೆ ಒಂದು ವಿಷಯ ಹೊರಗೆ ಹಾಕಿತು. ಗೂಗಲ್‌ನಲ್ಲಿ ಈ ಫೋಟೊ, ಸುದ್ದಿ ಕೆಳಗೆ ಹೋಗುವಂತೆ ಮಾಡಲು ವಿವಿ ಕನ್ಸಲ್ಟೆಂಟುಗಳಿಗೆ ಕನಿಷ್ಠ 1,75,000 ಡಾಲರ್ ಕೊಟ್ಟಿತ್ತು. ಅದೂ ಬೇರೆ ಆರೋಪಗಳೂ ಸೇರಿ ತನಿಖೆಯಾಗಿ ಆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ದುಡ್ಡು ಎಷ್ಟು ಕೆಲಸ ಮಾಡಿತು ಅನ್ನೋದಕ್ಕೆ ಬೀಜಮೊಳಕೆಯವರ ಎರಡನೇ ಸಾಲೇ ಸಾಕ್ಷಿ.

ಬೀಜಮೊಳಕೆ:

ಅಪ್ಪನಿಗೆ ಓದಿ ಹೇಳಿದೆ. ಎಂಟು ಸಾವಿರ ಜಾಸ್ತಿ ಅನ್ನೋ ಕಡೆ ಜೋರಾಗಿ ನಕ್ಕರು, ಒಟ್ಟಿನಲ್ಲಿ ಅವರೇ ಗೆದ್ದರಂತೆ. ಎಲ್ಲರಿಗೂ ಥ್ಯಾಂಕ್ಸ್. ಕೊನೇದೊಂದು ಕೇಳ್ತೇನೆ, ಈಗ ಅಲ್ಲಿ ಏನಾದರೂ ಬದಲಾಗಿದೆಯಾ? ನಾನು ಪ್ರತಿಭಟನೆಗೆ ಹೋಗಬಹುದಾ?

ಸ್ಯಾಕ್ರಮೆಂಟೊ ಸೀನ:

ಕಾನೂನು ಬದಲಾಗಿದೆ. 2021ರ ಎಬಿ 48 ಅನ್ನೋ ರಾಜ್ಯ ಕಾಯ್ದೆ ಪ್ರಕಾರ ಪ್ರತಿಭಟನೆ ಚದುರಿಸಲು ರಬ್ಬರ್ ಗುಂಡು, ಅಶ್ರುವಾಯು, ಪೆಪ್ಪರ್ ಸ್ಪ್ರೇ ಸುಮ್ನೆ ಬಳಸುವಂತಿಲ್ಲ, ಯಾರಿಗಾದರೂ ಜೀವಭಯವೋ ದೊಡ್ಡ ಅಪಾಯವೋ ಇರಬೇಕು. ಅದೇ ವರ್ಷದ ಇನ್ನೊಂದು ಕಾಯ್ದೆಯಿಂದ, ಗಂಭೀರ ತಪ್ಪು ಮಾಡಿದ ಪೊಲೀಸರ ಪ್ರಮಾಣಪತ್ರವನ್ನೇ ರದ್ದು ಮಾಡಬಹುದು, ಪಕ್ಕದೂರಿಗೆ ಹೋಗಿ ಮತ್ತೆ ಸೇರೋ ಹಾಗಿಲ್ಲ. ಅತಿಯಾಗಿ ಬಲ ಬಳಸಿದ್ದು ಸಾಬೀತಾದರೆ ಆ ಫೈಲನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. 2024ರಲ್ಲಿ ಗಾಜಾ ಪರವಾಗಿ ಅದೇ ಕ್ವಾಡ್‌ನಲ್ಲಿ ಟೆಂಟುಗಳು ಎದ್ದು ವಾರಗಟ್ಟಲೆ ಇದ್ದವು. ಪೊಲೀಸರು ನುಗ್ಗಲಿಲ್ಲ, ಕೊನೆಗೆ ಹುಡುಗರೇ ಬಿಚ್ಚಿಕೊಂಡು ಹೋದರು. ಆದರೆ ಆ ಮೇ ತಿಂಗಳಲ್ಲೇ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಪೊಲೀಸರು ನುಗ್ಗಿ 200ಕ್ಕೂ ಹೆಚ್ಚು ಜನರನ್ನು ಹಿಡಿದರು. ಕಾನೂನು ಒಂದೇ, ಕ್ಯಾಂಪಸ್ ಬೇರೆ.

ನೀವು ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಬರ್ತೀರಿ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು (ಸರ್ಕಾರ ಅವರ ಬಗ್ಗೆ ಇಡೋ ದಾಖಲೆ) ಏಕಾಏಕಿ ರದ್ದು ಮಾಡಿ, ಕೋರ್ಟು ಕೇಸುಗಳಾದ ಮೇಲೆ ವಾಪಸ್ ಕೊಟ್ಟರು. ಆ ಪಟ್ಟಿಯಲ್ಲಿ ಸಣ್ಣಪುಟ್ಟ ಪೊಲೀಸ್ ಕೇಸಿನವರೂ ಇದ್ದರು. ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗೋ ಮುಂಚೆ ಕ್ಯಾಂಪಸ್ಸಿನ ವಲಸೆ ಕಾನೂನು ನೆರವು ಕೇಂದ್ರದಲ್ಲಿ ಮಾತಾಡಿ, ವಿದ್ಯಾರ್ಥಿಗಳಿಗೆ ಅದು ಉಚಿತ. ಚದುರಿ ಅಂತ ಮೈಕಿನಲ್ಲಿ ಹೇಳಿದ ಮೇಲೆ ನಿಲ್ಲಬೇಡಿ, ಜೈಲಿಗೆ ಹೋದರೂ ವೀಸಾ ಹೋಗದವರು ನಿಲ್ಲಲಿ. ಸೆಪ್ಟೆಂಬರ್‌ಗೆ ಬಂದಾಗ ಇಲ್ಲೇ ಮೆಸೇಜ್ ಹಾಕಿ, ಏರ್‌ಪೋರ್ಟಿಗೆ ಬರ್ತೇನೆ.